ಬೈಕಿನವನ ಜೊತೆ ಬೈಟು ಕಾಫಿ

ಕುಣಿಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬನೇ ಇದ್ದ ಟೆಂಪೋ ಡ್ರೈವರ್ ಯಾರು ಸಿಕ್ಕರೂ ಕೆನ್ನೆ ಮುಟ್ಟಿಕೊಂಡು, "ಮೊದ್ಲು ಹೊಡ್ದೋನು ಅವ್ನೇ ಕಣಣ್ಣ" ಅನ್ನುತ್ತಿದ್ದ. ಗುಬ್ಬಿ ರಸ್ತೆಯಲ್ಲಿ ಸೈಡ್ ಕೊಡಲಿಲ್ಲವೆಂದು ಬೈಕಿನವನೊಬ್ಬ ಇವನಿಗೆ ಬಾರಿಸಿದ್ದ. ಇವನು ಅವನನ್ನು ತಳ್ಳಿ ಬೀಳಿಸಿದ್ದ. ಕೇಸು ಇಬ್ಬರ ಮೇಲೂ ಬಿತ್ತು.

ಒಮ್ಮೆ ಅವನ ಜೊತೆ ತುಮಕೂರಿನ ಕೋರ್ಟಿಗೆ ಹೋಗಿದ್ದೆ. "ತಳ್ಳಿದ್ದು ಆತ್ಮರಕ್ಷಣೆ ಅನ್ಬೋದು. ಬಿದ್ದೋನ್ನ ಒದ್ದಿದ್ದಕ್ಕೆ ಏನಯ್ಯಾ ಹೇಳ್ಲಿ?" ಎಂದರು ಅವನ ವಕೀಲರು. ಒದ್ದ ಸಂಗತಿ ನನಗೆ ಗೊತ್ತಿರಲಿಲ್ಲ. ಅವನು ನನ್ನ ಮುಖ ನೋಡದೆ ಹೊರಗೆ ಹೋಗಿ, ಆ ಬೈಕಿನವನ ಜೊತೆಗೇ ಬೈಟು ಕಾಫಿ ಕುಡಿದ. ಪ್ರತಿ ವಾಯಿದೆಗೂ ಹಾಗೇ ಕುಡಿಯುತ್ತಿದ್ದರಂತೆ.

ಕೊನೆಗೆ ರಾಜಿಯಾಯಿತು. "ಪೀಡೆ ಕಳೀತಲ್ಲಪ್ಪ" ಅಂದೆ.

ಈ ಸಲ ಅವನ ಕೈ ಕೆನ್ನೆಗೆ ಹೋಗಲಿಲ್ಲ. "ಇನ್ಮೇಲೆ ವಾಯ್ದೆನೇ ಇಲ್ಲ. ಅವ್ನು ಎಲ್ ಸಿಗ್ತಾನಣ್ಣ?" ಅಂದ.