ನದಿಯನ್ನೇ ಬರೆಸಿದ ಆರು ವಾರ

ಎಂಟು ವರ್ಷದ ಒಂದು ಹುಡುಗಿ ಹೇಳಿದ ಮಾತನ್ನು ನಾನು ಬದಲಿಸಿ ಹೇಳಿದೆ. ಕೇಳಿಸದೆ ಅಲ್ಲ, ತಿಳಿಯದೆ ಅಲ್ಲ — ಸ್ಪಷ್ಟವಾಗಿ ಕೇಳಿಸಿಕೊಂಡು, ಪೂರ್ತಿ ಅರ್ಥವಾಗಿ, ಬದಲಿಸಿದೆ. ಆರು ವರ್ಷವಾಯಿತು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಬರ್ಮಾದಿಂದ ಓಡಿಬಂದ ಕುಟುಂಬಗಳು ಹೈದರಾಬಾದಿನ ಅಂಚಿನಲ್ಲಿ ತಗಡಿನ ಮನೆಗಳಲ್ಲಿದ್ದವು. ಅಲ್ಲಿನ ಮಕ್ಕಳಿಂದ ಚಿತ್ರ ಬರೆಸಿ, ಅವರ ಮನಸ್ಸಿನ ಗಾಯಕ್ಕೆ ಚಿಕಿತ್ಸೆ ಮಾಡುತ್ತಿದ್ದ ಮೇಡಂ ಇದ್ದದ್ದು ಬೆಂಗಳೂರಿನಲ್ಲಿ. ವಾರಕ್ಕೊಮ್ಮೆ ವಿಡಿಯೊ ಕಾಲ್. ನಾನು ಹೈದರಾಬಾದಿನದೇ ನಾರಾಯಣಗೂಡದಲ್ಲಿ ಶಾಲಾ ಶಿಕ್ಷಕಿ, ಹುಟ್ಟಿದ್ದು ಕಲಬುರಗಿ ಕಡೆ. ಮೇಡಂ ಜೊತೆ ಕನ್ನಡ, ಮಕ್ಕಳ ಜೊತೆ ಅವರು ಇಲ್ಲಿಗೆ ಬಂದ ಮೇಲೆ ಕಲಿತ ಉರ್ದು. ಹಾಳೆಯ ಮೇಲೆ ಫೋನ್ ಹಿಡಿಯುವುದು, ಮಗುವಿನ ಮಾತನ್ನು ಇದ್ದಂತೆ ದಾಟಿಸುವುದು — ನನ್ನ ಕೆಲಸ ಇಷ್ಟೇ. ಇದ್ದಂತೆ.

ಮೊದಲ ದಿನ ಹುಡುಗಿ ನೀಲಿ ಗೆರೆಗಳನ್ನು ಎಳೆದಳು. ಗೆರೆಗಳ ಕೆಳಗೆ ಒಬ್ಬ ಮನುಷ್ಯ, ಎರಡೂ ಕೈ ಮೇಲಕ್ಕೆ.

"ಅಬ್ಬಾ ಪಾನಿ ಕೆ ನೀಚೆ ಹೈ. ಊಪರ್ ನೈ ಆಯೆ."

ಅಪ್ಪ ನೀರಿನ ಕೆಳಗಿದ್ದಾನೆ, ಮೇಲೆ ಬರಲೇ ಇಲ್ಲ. ಗಡಿಯ ನದಿ ದಾಟುವಾಗ ಗಂಡ ಮುಳುಗಿದ್ದನ್ನು ತಾಯಿ ನನಗೆ ಮೊದಲೇ ಹೇಳಿದ್ದಳು. ಮಗು ನೋಡಿದೆ ಎಂದು ಹೇಳಿರಲಿಲ್ಲ.

"ಏನಂದ್ಲು ಅಕ್ಕಾ?" ಎಂದರು ಮೇಡಂ.

"ಅವರಪ್ಪ ನದ್ಯಾಗ ಜಳಕಾ ಮಾಡಾಕತ್ತಾನಂತ್ರಿ."

ಏಕೆ ಹಾಗಂದೆ? ಪಕ್ಕದಲ್ಲಿ ತಾಯಿ ಕೂತಿದ್ದಳು, ಅವಳಿಗೆ ನೋವಾದೀತೆಂದು — ಇಲ್ಲ, ಅದೂ ಸುಳ್ಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ, ಅಷ್ಟೆ.

"ಎಷ್ಟು ಚೆನ್ನಾಗಿದೆ! ಖುಷಿಯ ನೆನಪು ಅದು. ಮುಂದಿನ ವಾರಾನೂ ಆ ನದೀನೇ ಬರೀಲಿ. ಅವಳಿಗೆ ನೆಮ್ಮದಿ ಕೊಡೋ ಜಾಗ ಅಲ್ವಾ?"

ಇದನ್ನು ಮಾತ್ರ ನಾನು ಇದ್ದಂತೆ ದಾಟಿಸಿದೆ. ಮುಂದಿನ ವಾರವೂ ನದಿ ಬರೆಯಬೇಕಂತೆ ಎಂದೆ. ಹುಡುಗಿ ಫೋನಿನ ಕಡೆ ನೋಡಲಿಲ್ಲ — ನನ್ನನ್ನು ನೋಡಿದಳು.

ಎರಡನೆಯ ವಾರ ನದಿ. ಮೂರನೆಯ ವಾರ ನದಿ. ಸರಿಪಡಿಸಬಹುದಿತ್ತು, ಪ್ರತಿ ವಾರ ಸರಿಪಡಿಸಬಹುದಿತ್ತು. ನಾಲ್ಕನೆಯ ವಾರದಿಂದ ಅವಳು ಮಾತು ನಿಲ್ಲಿಸಿದಳು. ಆರನೆಯ ವಾರ ಬಣ್ಣದ ಕಡ್ಡಿಯನ್ನೇ ಮುಟ್ಟಲಿಲ್ಲ. ತಾಯಿ ಅವಳ ಮಣಿಕಟ್ಟು ಹಿಡಿದು, ಬೆರಳು ಬಿಡಿಸಿ, ನೀಲಿ ಕಡ್ಡಿಯನ್ನು ಒಳಗಿಟ್ಟು ಮುಚ್ಚಿದಳು.

ಕಾಲ್ ಮುಗಿದ ಮೇಲೆ ತಾಯಿ ನನ್ನನ್ನು ಹೊರಗೆ ಕರೆದಳು. ಇವಳ ಅಪ್ಪ ಆ ನೀರಿನಲ್ಲೇ ಹೋದನೆಂದು ಮೇಡಂಗೆ ಗೊತ್ತಲ್ಲ, ಆದರೂ ಅದನ್ನೇ ಬರೆಸುತ್ತಾರೆಂದರೆ... ಎಂದು ತಡವರಿಸಿದಳು. ಮಗಳು ಮೊದಲ ದಿನ ಹೇಳಿದ್ದನ್ನು ಅವಳೂ ಕೇಳಿದ್ದಳು. ನಾನು ದಾಟಿಸಿದೆನೆಂದೇ ನಂಬಿದ್ದಳು.

"ಬಾಜಿ, ಯೇ ಇಲಾಜ್ ಹೈ ನಾ?"

ಇದು ಚಿಕಿತ್ಸೆ ತಾನೆ, ಅಕ್ಕಾ?

"ಹಾಂ," ಅಂದೆ.

ಅವಳ ಮುಖ ಹಗುರಾಯಿತು. ಬೇಗ ವಾಸಿಯಾಗಲೆಂದು ಮನೆಯಲ್ಲೂ ದಿನಾ ಬರೆಸುತ್ತಿದ್ದೇನೆ, ಒಲ್ಲೆ ಅಂದರೆ ಒಂದೇಟು ಕೊಟ್ಟಾದರೂ ಬರೆಸುತ್ತೇನೆ ಎಂದಳು.

ದಿನಾ. ಆಗಲೂ — ಆಗಲೂ ನಾನು ಹೇಳಲಿಲ್ಲ. ಮುಂದಿನ ವಾರದ ಹೊತ್ತಿಗೆ ಆ ಕುಟುಂಬ ಬೇರೆ ಊರಿಗೆ ಹೋಗಿತ್ತು.

ಮೊನ್ನೆ ಮೇಡಂಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಕೇಳಿದರು: "ಆರು ವಾರ ಆ ಮಗೂನ ನಾನು ಎಲ್ಲಿಗೆ ಕಳಿಸ್ತಿದ್ದೆ ಅಕ್ಕಾ?"



ಪ್ರತಿ ಈದ್‌ಗೆ ಆ ತಾಯಿ ಫೋನ್ ಮಾಡಿ ನನಗೆ ದುವಾ ಹೇಳಿ ಹರಸುತ್ತಾಳೆ. ಇದನ್ನು ಕನ್ನಡದಲ್ಲಿ ಬರೆಯುವುದು ಸುಲಭ, ಅವಳು ಓದಲಾರಳು. ಆದ್ದರಿಂದ ಇಷ್ಟು ಸಾಲದು. ನಾಳೆ ನಾನೇ ಫೋನ್ ಮಾಡುತ್ತೇನೆ. ಮಗಳಿಗೀಗ ಹದಿನಾಲ್ಕು, ಅವಳನ್ನೂ ಪಕ್ಕದಲ್ಲಿ ಕೂರಿಸಿಕೊ ಎನ್ನುತ್ತೇನೆ. ಮೊದಲು ಮಗಳಿಗೇ ಹೇಳಬೇಕು — ನಿನ್ನ ಮಾತು ಕೇಳಿಯೂ ಮೇಡಂ ನಿನ್ನನ್ನು ಆ ನೀರಿಗೆ ಕಳಿಸಿದ್ದಲ್ಲ, ಆ ಮಾತು ಅವರನ್ನು ತಲುಪಲೇ ಇಲ್ಲ, ನನ್ನಲ್ಲೇ ನಿಂತಿತು ಎಂದು.