ಬೇಸ್‌ಮೆಂಟಿಗೆ ಇಳಿದ ಕತೆ

ವಿಕ್ಟೋರಿಯಾ ರಾಣಿಯ ಕಾಲದ ಆ ಇಂಗ್ಲಿಷ್ ಕಾದಂಬರಿಗಳನ್ನು ಬರೆದವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಮದುವೆಯಾದ ಹೆಂಗಸು ಇನ್ನೊಬ್ಬನನ್ನು ಪ್ರೀತಿಸಿದಳೋ, ಕೊನೆಯ ಅಧ್ಯಾಯದೊಳಗೆ ಅವಳಿಗೆ ಜ್ವರ ಬರಲೇಬೇಕು. ಹೊಟ್ಟೆಕಿಚ್ಚಿನ ಗಂಡ ಮಾತ್ರ ಗಟ್ಟಿಮುಟ್ಟಾಗಿರುತ್ತಾನೆ. ಆದರೆ ಅದಕ್ಕಿಂತ ಹೆಚ್ಚು ಸಿಟ್ಟು ನಮ್ಮವರ ಮೇಲಿದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಅಮೆರಿಕದ ಡೆಟ್ರಾಯಿಟ್ ನಗರದ ಹೊರಗೆ ನಾರ್ತ್‌ವಿಲ್‌ನಲ್ಲಿದ್ದೆವು. ಯಜಮಾನರು ಕಾರು ಕಂಪನಿಯಲ್ಲಿ ಇಂಜಿನಿಯರು. ನನಗೆ ಡ್ರೈವಿಂಗ್ ಬರುತ್ತಿರಲಿಲ್ಲ, ನಮ್ಮ ಕಡೆ ಬಸ್ಸೂ ಇರಲಿಲ್ಲ. ಪ್ರತಿ ಬುಧವಾರ ಸಂಜೆ ಅವರು ನನ್ನನ್ನು ಕಾಲೇಜಿಗೆ ಬಿಡುತ್ತಿದ್ದರು. ಅಲ್ಲಿ ಈ ಹಳೆಯ ಕಾದಂಬರಿಗಳ ಕ್ಲಾಸು. ಇಡೀ ವಾರದಲ್ಲಿ ಯಾರದೋ ಹೆಂಡತಿಯಾಗಿರದೆ ನಾನೇ ಆಗಿ ಬಾಯಿ ಬಿಡುತ್ತಿದ್ದ ಜಾಗ ಅದೊಂದೇ.

ತಿಂಗಳಿಗೊಮ್ಮೆ ಕನ್ನಡದವರೆಲ್ಲ ಹಿರಿಯರೊಬ್ಬರ ದೊಡ್ಡ ಮನೆಯಲ್ಲಿ ಸೇರುತ್ತಿದ್ದೆವು. ಗಂಡಸರು ಬೇಸ್‌ಮೆಂಟಿನಲ್ಲಿ ಇಸ್ಪೀಟಿಗೆ, ಹೆಂಗಸರು ಮೇಲೆ ಅಡುಗೆಮನೆಯಲ್ಲಿ. ಪೂರಿ ಲಟ್ಟಿಸುತ್ತ ನಾನು ಕ್ಲಾಸಿನ ಕತೆ ಹೇಳುತ್ತಿದ್ದೆ. ಕತೆ ಹೇಳುವುದನ್ನು ಕಲಿತದ್ದು ಮೈಸೂರಿನ ನಮ್ಮಜ್ಜಿಯಿಂದ. ಅಜ್ಜಿ ಒಂದು ದಿನವೂ 'ರಾಣಿ ಅತ್ತಳು' ಎಂದವಳಲ್ಲ. 'ನಾನು ಅಳ್ತಾ ಕೂತಿದೀನಿ, ಯಾರೋ ಬಾಗಿಲು ಬಡಿದರು' ಎಂದೇ ಶುರು. ಯಾರ ಕತೆಯೋ ಅವರೇ ಆಗಿಬಿಡುವುದು. ನಾನೂ ಹಾಗೇ.

ಆ ಸಲದ ಕತೆ ಒಬ್ಬ ಗಿರಣಿ ಮಾಲೀಕನ ಹೆಂಡತಿಯದು. ಅವಳ ಚಿತ್ರ ಬರೆಯಲು ಬಡ ಕಲಾವಿದನೊಬ್ಬ ಮನೆಗೆ ಬರುತ್ತಾನೆ. ಲಟ್ಟಣಿಗೆ ಹಿಡಿದೇ ಹೇಳಿದೆ: "ಇವರು ಊರಲ್ಲಿಲ್ಲ. ಅವನು ನನ್ನ ಗದ್ದ ಹಿಡಿದು ಮುಖ ಕಿಟಕಿ ಕಡೆ ತಿರುಗಿಸಿದ. ಕೈ ತೆಗೀಲೇ ಇಲ್ಲ. ನಾನೂ ತೆಗಿ ಅನ್ನಲಿಲ್ಲ." ಹೆಂಗಸರು ಕೆಲಸ ಬಿಟ್ಟು ಕೇಳುತ್ತಿದ್ದರು. ನನ್ನ ಕಾಲ ಬಳಿ ನೆಲದಲ್ಲಿ, ಮನೆ ಬೆಚ್ಚಗಿಡಲು ಬಿಸಿಗಾಳಿ ಬರುವ ಜಾಲರಿ ಇತ್ತು. ಅದರ ಕೊಳವೆ ಬರುವುದು ಬೇಸ್‌ಮೆಂಟಿನಿಂದ, ಮೇಲಿನ ಮಾತೆಲ್ಲ ಅದರಲ್ಲಿ ಕೆಳಗಿಳಿಯುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹಿಂದಿನ ವಾರವಷ್ಟೇ ಯಜಮಾನರು ಕೆಲಸದ ಮೇಲೆ ಚಿಕಾಗೋಗೆ ಹೋಗಿ ಬಂದಿದ್ದರು.

ಕಾರು ಹತ್ತಿದ ಮೇಲೆ ಕೇಳಿದರು, "ಯಾರವನು?"

"ಯಾರು ರೀ?"

"ನಿನ್ನ ಗದ್ದ ಹಿಡಿದೋನು."

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಮನೆಗೆ ಬಂದು ಪುಸ್ತಕ ತೆಗೆದು ಆ ಪುಟವನ್ನೇ ಮುಖದ ಮುಂದೆ ಹಿಡಿದೆ. ಪೂರ್ತಿ ಓದಿದರು.

"ಸರಿ, ನಾನು ನಂಬ್ತೀನಿ. ಕೆಳಗೆ ಕೂತಿದ್ದೋರು ನಂಬ್ತಾರಾ? ಇಸ್ಪೀಟೆಲೆ ಕೆಳಗಿಟ್ಟು ಎಲ್ಲರೂ ನನ್ನ ಮುಖ ನೋಡಿದ್ರು. ಇನ್ನು ಕ್ಲಾಸು ಗೀಸು ಏನೂ ಬೇಡ."

ನಂಬಿದ ಮೇಲೂ ಶಿಕ್ಷೆ. ಎಂಥಾ ನ್ಯಾಯ ನೋಡಿ. ಆ ಬುಧವಾರ ಸಂಜೆ ಕಾರು ಗ್ಯಾರೇಜಿನಿಂದ ಹೊರಬರಲಿಲ್ಲ.

ಆ ದೊಡ್ಡ ಮನೆಯಾಕೆಗೆ ಫೋನ್ ಮಾಡಿದೆ. "ಅದು ಪುಸ್ತಕದ ಕತೆ ಅಂತ ನಿಮ್ಮ ಯಜಮಾನರಿಗೆ ಒಂದು ಮಾತು ಹೇಳಿ, ಸಾಕು. ಅವರು ಮಿಕ್ಕವರಿಗೆ ಹೇಳ್ತಾರೆ."

"ಹೇಗೆ ಹೇಳ್ಲಮ್ಮಾ? ಅಡುಗೆಮನೇಲಿ ಕೂತು ಇಂಥಾದ್ದೆಲ್ಲ ಕೇಳ್ತೀರಾ ಅಂತಾರೆ. ನನ್ನನ್ನ ಇದರಲ್ಲಿ ಎಳೀಬೇಡ." ಆಮೇಲೆ ದನಿ ತಗ್ಗಿಸಿ, "ಅದಿರ್ಲಿ, ಮುಂದೇನಾಯ್ತು? ಅವಳು ಹೋದಳಾ ಅವನ ಜೊತೆ?"

ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಮಿಕ್ಕವರನ್ನೂ ಕೇಳಿದೆ, ಎಲ್ಲರದೂ ಅದೇ ರಾಗ. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಇಲ್ಲಿ ಮೇಕೆ ನಾನು.

ಮುಂದಿನ ತಿಂಗಳು ಹೋಗದಿದ್ದರೆ ಜನ ಏನಂದಾರು ಎಂದು ಯಜಮಾನರೇ ಹೊರಡಿಸಿದರು. ಅಡುಗೆಮನೆಯಲ್ಲಿ ಹೆಂಗಸರು ನಾಚಿಕೆಯಿಲ್ಲದೆ ಸುತ್ತ ಸೇರಿದರು. "ಮುಂದಕ್ಕೆ ಹೇಳೇ, ಈ ಸಲ ಮೆಲ್ಲಗೆ ಹೇಳು," ಎಂದರು ಮನೆಯಾಕೆ.

ಜಾಲರಿಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತೆ. ಮೆಲ್ಲಗೆ ಹೇಳಲಿಲ್ಲ. "ನನಗೆ ಜ್ವರ ಬಂತು. ಇವರು ಬಾಗಿಲಲ್ಲಿ ನಿಂತು ನೋಡ್ತಿದಾರೆ, ಡಾಕ್ಟರನ್ನೂ ಕರೆಸಲಿಲ್ಲ. ನಾನು ಸತ್ತೆ. ಇವರು ಅಮೃತಶಿಲೆಯ ಗೋರಿ ಕಟ್ಟಿಸಿದರು. ಊರವರೆಲ್ಲ, ಗಂಡ ಅಂದರೆ ಹೀಗಿರಬೇಕು ಅಂದರು."

ಕೆಳಗೆ ಎಲೆ ಹಾಕುವ ಸದ್ದು ನಿಂತಿತ್ತು. ನಾನು ಬಗ್ಗಿ ಜಾಲರಿಗೇ ಬಾಯಿ ಕೊಟ್ಟು ಹೇಳಿದೆ: "ಇದು ಕಾಲೇಜಿನ ಪುಸ್ತಕದ ಕತೆ. ಇಲ್ಲಿರೋ ಹೆಂಗಸರಿಗೆಲ್ಲ ಮೊದಲಿಂದಲೂ ಗೊತ್ತು. ಬೇಕಾದರೆ ನಿಮ್ಮ ನಿಮ್ಮ ಮನೆಯವರನ್ನೇ ಕೇಳಿ."

ಬಾಣಲೆಯಲ್ಲಿದ್ದ ಪೂರಿ ಕರಕಲಾಯಿತು. ಅಲ್ಲಿಂದಾಚೆ ಯಾರೂ ನನ್ನನ್ನು ಕತೆ ಹೇಳು ಎನ್ನಲಿಲ್ಲ. ಹೋಗಲಿ, ಅವರ ಹಣೆಬರಹ.

ಮನೆಗೆ ಬರುವ ದಾರಿಯಲ್ಲಿ ಯಜಮಾನರು ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಕೇಳಿದರು, "ಅವಳು ಕೊನೇಗೆ ಸತ್ತೇ ಹೋದಳಾ?"

"ಪುಸ್ತಕದಲ್ಲಿ ಸತ್ತಳು. ಬುಧವಾರ ಕಾರು ತೆಗೀರಿ."

ತೆಗೆದರು. ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ.