ಐದು ವರ್ಷದ ಮಾತ್ರೆ, ಅರಕಲಗೂಡಿನ ಬಸ್ಸು

1999ರಲ್ಲಿ ನನಗೆ ಎದೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಆಗ ನಾನು ಹೊಳೆನರಸೀಪುರದಲ್ಲಿ ಪ್ರೈಮರಿ ಶಾಲೆಯ ಟೀಚರ್. ವಯಸ್ಸು ನಲವತ್ತನಾಲ್ಕು. ಆಪರೇಷನ್ ಮಾಡಿ ಎಡಗಡೆಯ ಸ್ತನ ತೆಗೆದರು. ಅದನ್ನು ಹೇಗೋ ತಡೆದುಕೊಂಡೆ. ಕಷ್ಟವಾದದ್ದು ಆಮೇಲೆ ಕೊಟ್ಟ ಮಾತ್ರೆ.

"ನಿಮ್ಮ ಗಡ್ಡೆ ಹೆಣ್ಣಿನ ಹಾರ್ಮೋನಿನಿಂದ ಬೆಳೆಯೋ ಜಾತಿದು. ಟ್ಯಾಮಾಕ್ಸಿಫೆನ್ ಅದನ್ನ ತಡೆಯುತ್ತೆ. ದಿನಕ್ಕೊಂದು, ಐದು ವರ್ಷ. ಬಿಡಬಾರದು," ಎಂದರು ಹಾಸನದ ಡಾಕ್ಟರು.

ಪಾಠ ಮಾಡುತ್ತಿರುವಾಗಲೇ ಮೈಯೆಲ್ಲ ಧಗ್ಗೆನ್ನುತ್ತಿತ್ತು. ಮಕ್ಕಳಿಗೆ ಕಾಣದಂತೆ ಬೋರ್ಡಿನ ಕಡೆ ತಿರುಗಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದೆ. ಮುಟ್ಟು ಏರುಪೇರಾಯಿತು. ಒಂದೂವರೆ ವರ್ಷ ಹೀಗೇ ಕಳೆಯಿತು. ನೋವಿಲ್ಲ, ಗಂಟಿಲ್ಲ, ಇನ್ನೇಕೆ ಇದು ಎನ್ನಿಸಿತು. ಒಂದು ಶನಿವಾರ ನರಸಿಂಹಸ್ವಾಮಿಯ ಮುಂದೆ ನಿಂತು, "ಇನ್ನು ನಿನ್ನ ತೀರ್ಥವೇ ನನಗೆ ಔಷಧಿ" ಎಂದು ಹೇಳಿ ಮಾತ್ರೆ ಬಿಟ್ಟೆ. ಯಜಮಾನರಿಗೂ ತಿಳಿಸಲಿಲ್ಲ.

ಮನಸ್ಸು ಮಾತ್ರ ಸುಮ್ಮನಿರಲಿಲ್ಲ. ಭಕ್ತಿಯಿಂದ ಬಿಟ್ಟೆನೋ, ಬೇಸತ್ತು ಬಿಟ್ಟು ಸ್ವಾಮಿಯ ಹೆಸರು ಹೇಳಿದೆನೋ? ಕೆಲವು ದಿನಗಳ ಮೇಲೆ ದೇವರ ಮನೆಯಲ್ಲಿ ಕೂತು ಅತ್ತುಬಿಟ್ಟೆ. "ನನಗೆ ತಿಳೀತಿಲ್ಲಪ್ಪ, ನೀನೇ ಹೇಳು."

ಅದೇ ವಾರ ನಾದಿನಿಯ ಮನೆಗೆ ಹೋಗಲು ಅರಕಲಗೂಡಿನ ಬಸ್ಸು ಹತ್ತಿದೆ. ಹಳ್ಳಿಮೈಸೂರಿನಲ್ಲಿ ಹತ್ತಿದ ಹೆಂಗಸೊಬ್ಬರು, ಅಷ್ಟು ಸೀಟು ಖಾಲಿಯಿದ್ದರೂ, ಬಂದು ನನ್ನ ಪಕ್ಕವೇ ಕೂತರು. ಹೊಗೆಸೊಪ್ಪಿನ ಕೂಲಿಗೆ ಹೋಗುವವರಂತೆ ಕಂಡರು. ಚೀಲದಿಂದ ಮಾತ್ರೆಯೊಂದನ್ನು ತೆಗೆದು ನುಂಗಿದರು. ಮಾತ್ರೆಯ ಪಟ್ಟಿಯ ಮೇಲಿನ ಹೆಸರು ಓದಿದೆ. ನನ್ನದೇ ಮಾತ್ರೆ!

"ಎಷ್ಟು ದಿನದಿಂದ ತಗೋತಿದೀರಮ್ಮ?"

"ನಾಕ್ ವರ್ಸ ಆಯ್ತು ಕಣಮ್ಮ. ಇನ್ನೊಂದ್ ವರ್ಸ ಅದೆ."

"ಮೈ ಉರಿಯಲ್ವಾ?"

"ಉರೀತದೆ, ಒಲೆ ಮುಂದೆ ಕೂತಂಗೆ. ನಮ್ಮಕ್ಕಂಗೂ ಇದೇ ಕಾಯ್ಲೆ ಕಣಮ್ಮ. ದ್ಯಾವ್ರಿಗೆ ಅರಕೆ ಒತ್ತಿವ್ನಿ, ಮಾತ್ರೆ ಯಾಕೆ ಅಂತ ಬಿಟ್ಬುಟ್ಲು. ಕಾಯ್ಲೆ ತಿರ್ಗಾ ಬಂತು, ಓಗ್ಬುಟ್ಲು." ಮಾತ್ರೆಯ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡರು. "ದ್ಯಾವ್ರು ಡಾಕ್ಟ್ರು ಕೈಲಿ ಕೊಡ್ಸುದ್ನ ಬ್ಯಾಡ ಅನ್ನಾಕಾಯ್ತದಾ?"

ಅರಕಲಗೂಡು ಬರುವ ಮೊದಲೇ ಅವರು ಇಳಿದುಹೋದರು.

ಅಂದು ಸಂಜೆ ಮನೆಗೆ ಬಂದವಳೇ ಮಾತ್ರೆ ಮತ್ತೆ ಶುರುಮಾಡಿದೆ. ಮುಂದಿನ ಸಲ ಡಾಕ್ಟರ ಬಳಿ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಕಷ್ಟ ಆದರೆ ನನಗೆ ಹೇಳಿ, ನೀವೇ ಬಿಡಬೇಡಿ," ಎಂದಷ್ಟೇ ಹೇಳಿ ಮುಟ್ಟಿನ ತೊಂದರೆಗೆ ತಪಾಸಣೆ ಬರೆದುಕೊಟ್ಟರು. ಉರಿ ಪೂರಾ ಹೋಗಲಿಲ್ಲ, ತಾಳಿಕೊಳ್ಳುವುದು ಬಂತು. ಐದು ವರ್ಷವೂ ಮುಗಿದವು. ಈಗ ಆರೋಗ್ಯವಾಗಿದ್ದೇನೆ.

ಮಂಗಳಾರತಿಯ ಹೊತ್ತಿನಲ್ಲಿ ನನ್ನವರಿಗಾಗಿ ಬೇಡಿಕೊಂಡಮೇಲೆ ಬಸ್ಸಿನ ಆ ತಾಯಿಗಾಗಿಯೂ ಬೇಡಿಕೊಳ್ಳುತ್ತೇನೆ. ಹೆಸರು ಕೇಳಲಿಲ್ಲ. ಸ್ವಾಮಿಗೆ ಗೊತ್ತು.